ಹಳೇ ಎಚ್‌ಟಿಎಂಎಲ್ ಪುಟಗಳನ್ನು ವರ್ಡ್‌ಪ್ರೆಸ್ ಥೀಮ್ ಮಾಡಲು ಹೊರಟೆ, ಬಣ್ಣವೇ ಮಾಯ!

ಬೈಟು ಕಾಫಿ · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ಹನುಮಂತನಗರದ ಕಡೆ ಒಂದು ಸಣ್ಣ ಸಂಗೀತ ಸಭೆ ಇದೆ. ನಮ್ಮ ಸೋದರಮಾವ ಅದರ ಕಾರ್ಯದರ್ಶಿ. ಸಭೆಯ ವೆಬ್‌ಸೈಟ್ 2004ರಿಂದ ನಡೆಯುತ್ತಿದೆ. ಪೂರ್ತಿ ಎಚ್‌ಟಿಎಂಎಲ್, ಕೈಯಲ್ಲೇ ಬರೆದದ್ದು. ವರ್ಷಕ್ಕೊಂದು ಪುಟ, ಕಲಾವಿದರಿಗೆ ಒಂದಿಷ್ಟು ಪುಟ, ಒಟ್ಟು 46 ಫೈಲ್. ಪ್ರತಿ ತಿಂಗಳೂ ಮಾವ ಫೋನ್ ಮಾಡುತ್ತಾರೆ. "ಏನಪ್ಪಾ, ಈ ತಿಂಗಳ ಕಛೇರಿ ಹಾಕಿದೆಯಾ?" ನಾನು ಆ ವರ್ಷದ ಫೈಲಿನಲ್ಲಿ ಹಳೇ ಸಾಲನ್ನು ಕಾಪಿ ಮಾಡಿ, ಹೆಸರು, ದಿನಾಂಕ ಬದಲಿಸಿ ಸರ್ವರಿಗೆ ಏರಿಸುತ್ತೇನೆ. ಮೆನುವಿಗೆ ಒಂದು ಸಾಲು ಸೇರಿಸಬೇಕು ಅಂದರೆ 46 ಫೈಲನ್ನೂ ತೆಗೆಯಬೇಕು. ಕೂಲಿ ಒಂದು ಲೋಟ ಕಾಫಿ.

ಈಗ ಮಾವನ ಮಗಳು ಹೊಸ ವಿನ್ಯಾಸ ಮಾಡಿಕೊಟ್ಟಿದ್ದಾಳೆ. ಮೂರೇ ಪುಟ: ಮುಖಪುಟ, ಒಂದು ಕಾರ್ಯಕ್ರಮದ ಪುಟ, 'ನಮ್ಮ ಬಗ್ಗೆ'. ತುಂಬ ಚೆನ್ನಾಗಿದೆ. ರೆಡಿಮೇಡ್ ಥೀಮ್ ಯಾವುದೂ ಬೇಡ, ಇದೇ ಬೇಕು ಅಂತ ಮನೆಯಲ್ಲಿ ಎಲ್ಲರ ಹಟ.

ಹಾಗಾಗಿ ಇದನ್ನೇ ವರ್ಡ್‌ಪ್ರೆಸ್ (ಕೋಡ್ ಮುಟ್ಟದೆ ಸೈಟ್ ತಿದ್ದಲು ಬಿಡುವ ತಂತ್ರಾಂಶ) ಥೀಮ್, ಅಂದರೆ ಸೈಟಿನ ಹೊರರೂಪ, ಮಾಡಲು ಹೊರಟೆ. ನಾನು ಮಾಡಿದ್ದಿಷ್ಟು. ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅನ್ನುವ ಹೆಸರನ್ನು ಇಂಡೆಕ್ಸ್ ಡಾಟ್ ಪಿಎಚ್‌ಪಿ ಅಂತ ಬದಲಾಯಿಸಿ ಥೀಮ್ಸ್ ಫೋಲ್ಡರಿಗೆ ಹಾಕಿದೆ. ಅಕ್ಷರ ಬಂತು. ಬಣ್ಣ ಬರಲಿಲ್ಲ. ಚಿತ್ರಗಳ ಜಾಗದಲ್ಲಿ ಹರಿದ ಕಾಗದದ ಗುರುತು. ಲಾಗಿನ್ ಆದಾಗ ಮೇಲೆ ಕಾಣಬೇಕಾದ ಕಪ್ಪು ಪಟ್ಟಿಯೂ ಇಲ್ಲ. ಎಲ್ಲಿ ತಪ್ಪಿದೆ?

ರಾತ್ರಿಪಾಳಿ · ಭಾನುವಾರ ರಾತ್ರಿ 11:35

ಗಾಬರಿ ಬೇಡ, ಮೊದಲ ದಿನ ಎಲ್ಲರಿಗೂ ಇದೇ ಆಗುತ್ತದೆ. ಫೋನಿನಲ್ಲಿ ಬರೆಯುತ್ತಿದ್ದೇನೆ, ಹಾಗಾಗಿ ಫಂಕ್ಷನ್ ಹೆಸರುಗಳನ್ನೂ ಕನ್ನಡದಲ್ಲೇ ಹಾಕುತ್ತೇನೆ. ನಡುವಿನ ಅಡಿಗೆರೆಗಳನ್ನು ನೀವೇ ಸೇರಿಸಿಕೊಳ್ಳಿ.

ನಿಮ್ಮ ಪುಟದಲ್ಲಿ ಸಿಎಸ್ಎಸ್ (ಬಣ್ಣ, ಅಕ್ಷರದ ರೂಪ ಹೇಳುವ ಫೈಲ್) ವಿಳಾಸ 'ಸಿಎಸ್ಎಸ್ ಫೋಲ್ಡರಿನ ಸ್ಟೈಲ್ ಫೈಲ್' ಅಂತ ಅರ್ಧಕ್ಕೆ ಬರೆದಿರುತ್ತದೆ. ಬ್ರೌಸರ್ ಅದನ್ನು ಪುಟದ ವಿಳಾಸದ ಪಕ್ಕದಲ್ಲಿ ಹುಡುಕುತ್ತದೆ. ಆದರೆ ಫೈಲ್ ಈಗ ಕೂತಿರುವುದು ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಥೀಮ್ಸ್ ಒಳಗಿನ ನಿಮ್ಮ ಫೋಲ್ಡರಿನಲ್ಲಿ. ಮನೆ ಬದಲಾಯಿಸಿ ಪೋಸ್ಟ್‌ಮ್ಯಾನ್‌ಗೆ ಹೇಳದ ಹಾಗೆ. ಚಿತ್ರಗಳದ್ದೂ ಅದೇ ಕಥೆ.

ವರ್ಡ್‌ಪ್ರೆಸ್ ಒಂದು ಫೋಲ್ಡರನ್ನು ಥೀಮ್ ಅಂತ ಒಪ್ಪಿಕೊಳ್ಳಲು ಹಳೇ ಪದ್ಧತಿಯಲ್ಲಿ ಎರಡೇ ಫೈಲ್ ಸಾಕು: ಸ್ಟೈಲ್ ಡಾಟ್ ಸಿಎಸ್ಎಸ್ ಮತ್ತು ಇಂಡೆಕ್ಸ್ ಡಾಟ್ ಪಿಎಚ್‌ಪಿ. ಸ್ಟೈಲ್ ಫೈಲಿನ ತಲೆಯಲ್ಲಿ ಕಾಮೆಂಟ್ ಒಳಗೆ 'ಥೀಮ್ ನೇಮ್' ಅನ್ನುವ ಸಾಲು ಇರಬೇಕು. ಆ ಸಾಲು ನೋಡಿಯೇ ಅದು ಹೆಸರು ತೋರಿಸುವುದು.

ಈಗ ಕತ್ತರಿ ತೆಗೆದುಕೊಳ್ಳಿ. ಮುಖಪುಟ ಮತ್ತು ಕಾರ್ಯಕ್ರಮದ ಪುಟವನ್ನು ಅಕ್ಕಪಕ್ಕ ತೆರೆದಿಡಿ. ಮೇಲಿನಿಂದ ಎಲ್ಲಿಯವರೆಗೆ ಎರಡೂ ಒಂದೇ ಥರ ಇವೆಯೋ ಅಲ್ಲಿಯವರೆಗಿನದ್ದು ಹೆಡರ್ ಡಾಟ್ ಪಿಎಚ್‌ಪಿ. ಕೆಳಗೆ ಮತ್ತೆ ಒಂದೇ ಆಗುವ ಜಾಗದಿಂದ ಕೊನೆಯವರೆಗೆ ಫೂಟರ್ ಡಾಟ್ ಪಿಎಚ್‌ಪಿ. ನಡುವೆ ಉಳಿದದ್ದು ಆ ಪುಟದ ಸ್ವಂತದ್ದು. ಅದರ ತಲೆಗೆ ಗೆಟ್ ಹೆಡರ್, ಕಾಲಿಗೆ ಗೆಟ್ ಫೂಟರ್.

ಕಪ್ಪು ಪಟ್ಟಿ ಯಾಕೆ ಇಲ್ಲ ಅಂದರೆ, ಹೆಡ್ ಟ್ಯಾಗ್ ಮುಚ್ಚುವ ಮುಂಚೆ ಡಬ್ಲ್ಯೂಪಿ ಹೆಡ್, ಬಾಡಿ ಮುಚ್ಚುವ ಮುಂಚೆ ಡಬ್ಲ್ಯೂಪಿ ಫೂಟರ್ ಅಂತ ಕರೆಯಬೇಕು. ನೀವು ಕರೆದಿಲ್ಲ. ಪ್ಲಗಿನ್‌ಗಳು (ಹೆಚ್ಚುವರಿ ಸೌಲಭ್ಯ ಕೊಡುವ ಜೋಡಣೆಗಳು) ತಮ್ಮ ಸಾಮಾನನ್ನು ಇಳಿಸುವುದು ಈ ಎರಡು ಬಾಗಿಲುಗಳಲ್ಲಿ. ಬಾಗಿಲೇ ಇಲ್ಲದಿದ್ದರೆ ಗೂಗಲ್ಲಿನಲ್ಲಿ ಸೈಟ್ ಸಿಗುವ ಹಾಗೆ ಮಾಡುವ ಎಸ್‌ಇಒ ಪ್ಲಗಿನ್, ಫಾರ್ಮ್ ಪ್ಲಗಿನ್ ಎಲ್ಲ ಹೊರಗೇ ನಿಲ್ಲುತ್ತವೆ. ಬಾಡಿ ತೆರೆದ ತಕ್ಷಣ ಡಬ್ಲ್ಯೂಪಿ ಬಾಡಿ ಓಪನ್ ಕೂಡ ಹಾಕಿಬಿಡಿ.

ಸಿಎಸ್ಎಸ್ ಲಿಂಕನ್ನು ಹೆಡರಿನಲ್ಲಿ ನೇರ ಬರೆಯಬೇಡಿ. ಫಂಕ್ಷನ್ಸ್ ಡಾಟ್ ಪಿಎಚ್‌ಪಿ ಅಂತ ಒಂದು ಫೈಲ್ ಮಾಡಿ, ಅದರಲ್ಲಿ ಡಬ್ಲ್ಯೂಪಿ ಎನ್‌ಕ್ಯೂ ಸ್ಟೈಲ್ ಮೂಲಕ ಸೇರಿಸಿ. ಆವೃತ್ತಿ ಕೇಳುವ ಜಾಗದಲ್ಲಿ ಫೈಲ್ ಕೊನೆಗೆ ಬದಲಾದ ಸಮಯವನ್ನು ಕೊಟ್ಟರೆ, ಪ್ರತಿ ಸಲ "ಮಾವ, ಕಂಟ್ರೋಲ್ ಎಫ್5 ಒತ್ತಿ" ಅಂತ ಹೇಳುವುದು ತಪ್ಪುತ್ತದೆ.

ಬೈಟು ಕಾಫಿ · ಸೋಮವಾರ ರಾತ್ರಿ 9:20

ಬಣ್ಣ ಬಂತು! ಪಟ್ಟಿಯೂ ಬಂತು! ರಾತ್ರಿಪಾಳಿ ಸರ್, ನಿಮಗೆ ಒಂದು ಮಸಾಲೆ ದೋಸೆ ಬಾಕಿ.

ಆದರೆ ಮುಖಪುಟದ ಸ್ಲೈಡರ್ (ತಾನಾಗಿ ಸರಿಯುವ ಚಿತ್ರಗಳು) ಓಡುತ್ತಿಲ್ಲ. ಎಚ್‌ಟಿಎಂಎಲ್ ಇದ್ದಾಗ ಸರಿಯಾಗಿತ್ತು. ಬ್ರೌಸರ್ ತಪ್ಪು ತೋರಿಸುವ ಕನ್ಸೋಲಿನಲ್ಲಿ 'ಡಾಲರ್ ಫಂಕ್ಷನ್ ಅಲ್ಲ' ಅನ್ನುತ್ತಿದೆ.

ಸಿಲ್ಕ್‌ಬೋರ್ಡ್ ಸಂತ · ಸೋಮವಾರ ರಾತ್ರಿ 9:41

ಜೇಕ್ವೆರಿ ತಾನೇ, ಆ ಜಾವಾಸ್ಕ್ರಿಪ್ಟ್ ಲೈಬ್ರರಿ? ವರ್ಡ್‌ಪ್ರೆಸ್ ಜೊತೆಗೆ ಬರುವ ಜೇಕ್ವೆರಿ ಬೇರೆ ಲೈಬ್ರರಿಗಳ ಜೊತೆ ಜಗಳ ಬೇಡ ಅಂತ ತನ್ನ ಅಡ್ಡಹೆಸರಾದ ಡಾಲರ್ ಗುರುತನ್ನು ಬಿಟ್ಟುಕೊಟ್ಟಿರುತ್ತದೆ. ನಿಮ್ಮ ಸ್ಲೈಡರ್ ಕೋಡನ್ನು ಒಂದು ಫಂಕ್ಷನ್ ಒಳಗೆ ಸುತ್ತಿ, ಜೇಕ್ವೆರಿಯನ್ನು ಅದಕ್ಕೆ ಡಾಲರ್ ಹೆಸರಿನಲ್ಲಿ ಕೊಡಿ. ಎನ್‌ಕ್ಯೂ ಮಾಡುವಾಗ 'ಇದಕ್ಕೆ ಜೇಕ್ವೆರಿ ಬೇಕು' ಅಂತಲೂ ಹೇಳಿ. ದಯವಿಟ್ಟು ಹಳೇ ಪುಟದಲ್ಲಿದ್ದ ಜೇಕ್ವೆರಿ ಫೈಲನ್ನು ಇನ್ನೊಂದು ಸಲ ಸೇರಿಸಬೇಡಿ. ಎರಡೆರಡು ಇದ್ದರೆ ಇವತ್ತು ಸ್ಲೈಡರ್ ಓಡುತ್ತದೆ, ನಾಳೆ ಫಾರ್ಮ್ ಸಾಯುತ್ತದೆ.

ನನ್ನನ್ನು ಕೇಳಿದರೆ ಸ್ಲೈಡರೇ ಬೇಡ. ಸಭೆಗೆ ಬರುವವರಿಗೆ ಬೇಕಿರುವುದು ಯಾವತ್ತು, ಎಷ್ಟು ಹೊತ್ತಿಗೆ, ಯಾರ ಹಾಡುಗಾರಿಕೆ ಅನ್ನುವುದು.

ಹಳೇ ಪೇಟೆ · ಸೋಮವಾರ ರಾತ್ರಿ 10:15

ಎಲ್ಲ ಸರಿ ಗುರು, ನನಗೆ ಮೂಲದಲ್ಲೇ ಒಂದು ತಕರಾರು. ವರ್ಡ್‌ಪ್ರೆಸ್ ಯಾಕೆ ಬೇಕು?

ನಾನು ಇದನ್ನು 1.5 ಆವೃತ್ತಿಯ ಕಾಲದಿಂದ ನೋಡುತ್ತಿದ್ದೇನೆ. 2005ರಲ್ಲಿ ಅದರ ಜೊತೆಗೇ ಥೀಮ್ ಅನ್ನುವ ಪದ್ಧತಿ ಬಂದದ್ದು. ಇಷ್ಟು ವರ್ಷದಲ್ಲಿ ಕಂಡದ್ದು ಏನೆಂದರೆ, ಸಣ್ಣ ಸಂಘ ಸಂಸ್ಥೆಗಳ ಸೈಟನ್ನು ಮಾಡಿಕೊಟ್ಟವನು ಎರಡು ವರ್ಷದಲ್ಲಿ ಮಾಯ. ಪ್ಲಗಿನ್ ಅಪ್‌ಡೇಟ್ ಮಾಡುವವರು ಇಲ್ಲ. ಒಂದು ದಿನ ಸೈಟ್ ತೆರೆದರೆ ಯಾರೋ ಒಳನುಗ್ಗಿ ಹಾಕಿದ ಔಷಧಿ ಜಾಹೀರಾತು. ನಿಮ್ಮ 46 ಎಚ್‌ಟಿಎಂಎಲ್ ಫೈಲುಗಳು 2004ರಿಂದ ಇವತ್ತಿನವರೆಗೆ ಯಾವ ತೊಂದರೆಯೂ ಇಲ್ಲದೆ ನಿಂತಿವೆ, ಅಲ್ವಾ? ಅವುಗಳಿಗೆ ಡೇಟಾಬೇಸ್ ಇಲ್ಲ, ಪಾಸ್‌ವರ್ಡ್ ಇಲ್ಲ, ಒಡೆಯಲು ಬೀಗವೇ ಇಲ್ಲ.

ಮೆನು 46 ಕಡೆ ತಿದ್ದುವುದು ಕಷ್ಟ ಅಂದರೆ ಹ್ಯೂಗೋ, ಜೆಕಿಲ್ ಥರದ್ದು ಬಳಸಿ. ಹೆಡರ್ ಒಂದೇ ಕಡೆ ಇರುತ್ತದೆ, ಕೊನೆಗೆ ಹೊರಬರುವುದು ಅದೇ ಎಚ್‌ಟಿಎಂಎಲ್.

ರಾತ್ರಿಪಾಳಿ · ಸೋಮವಾರ ರಾತ್ರಿ 11:50

ಹಳೇ ಪೇಟೆಯವರ ಮಾತು ಸುಳ್ಳಲ್ಲ. ಸೈಟನ್ನು ಯಾವಾಗಲೂ ಬೈಟು ಕಾಫಿಯೇ ತಿದ್ದುವುದಾದರೆ ನಾನೂ ಹ್ಯೂಗೋ ಅಂತಲೇ ಹೇಳುತ್ತಿದ್ದೆ. ಆದರೆ ಇಲ್ಲಿ ಪ್ರಶ್ನೆ ಮಾವನದ್ದು. ಎಪ್ಪತ್ತರ ಹತ್ತಿರದವರ ಕೈಗೆ ಕಪ್ಪು ಟರ್ಮಿನಲ್ ಕೊಟ್ಟು "ಗಿಟ್ ಪುಶ್ ಮಾಡಿ ಮಾವ" ಅನ್ನಲು ಆಗುತ್ತದೆಯೇ?

ಪ್ಲಗಿನ್ ಕಡಿಮೆ ಇಟ್ಟು, ತಾನಾಗಿ ಅಪ್‌ಡೇಟ್ ಆಗುವ ಹಾಗೆ ಬಿಟ್ಟು, ಬ್ಯಾಕಪ್ ಇಟ್ಟರೆ ವರ್ಡ್‌ಪ್ರೆಸ್ ಅಷ್ಟೇನೂ ಭಯಪಡುವಂಥದ್ದಲ್ಲ. ಮಾವನಿಗೆ 'ಎಡಿಟರ್' ದರ್ಜೆ ಸಾಕು, ಅಡ್ಮಿನ್ ಬೇಡ.

ಹಳೇ ಪೇಟೆ · ಮಂಗಳವಾರ ಬೆಳಗ್ಗೆ 7:05

ಮಾವನೇ ತಿದ್ದುತ್ತಾರೆ ಅಂತ ಯಾರು ಹೇಳಿದರು? ಅವರನ್ನು ಕೇಳಿದ್ದೀರಾ? ನಾನು ನೋಡಿದ ಹಾಗೆ ಲಾಗಿನ್ ಕೊಟ್ಟ ಮೇಲೂ ಫೋನ್ ಬರುತ್ತದೆ.

ಬೈಟು ಕಾಫಿ · ಮಂಗಳವಾರ ಬೆಳಗ್ಗೆ 8:30

ನಿಜ ಹೇಳಬೇಕೆಂದರೆ ಕೇಳಿರಲಿಲ್ಲ. ಈಗ ಕೇಳಿದೆ. "ವಾಟ್ಸಾಪಿನಲ್ಲಿ ಹಾಕುವಷ್ಟು ಸುಲಭ ಇದ್ದರೆ ನಾನೇ ಹಾಕುತ್ತೇನೆ, ನಿನ್ನ ಹಂಗು ಯಾಕೆ" ಅಂದರು. ಸ್ವಲ್ಪ ನೋವಾಯಿತು. ಆದರೂ ಮುಂದುವರಿಯೋಣ.

ಕಡ್ಲೆಪುರಿ · ಮಂಗಳವಾರ ಮಧ್ಯಾಹ್ನ 1:10

ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ. 2022ರ ಜನವರಿಯಲ್ಲಿ 5.9 ಬಂದಾಗಿನಿಂದ ಬ್ಲಾಕ್ ಥೀಮ್ (ತುಂಡುಗಳನ್ನು ಜೋಡಿಸಿ ಪುಟ ಕಟ್ಟುವ ಪದ್ಧತಿ) ಇದೆ. ಇನ್ನೂ ಹೆಡರ್ ಡಾಟ್ ಪಿಎಚ್‌ಪಿ ಕತ್ತರಿಸುತ್ತಾ ಕೂತಿದ್ದೀರಲ್ಲ? ಬ್ಲಾಕ್ ಥೀಮಿನಲ್ಲಿ ಟೆಂಪ್ಲೇಟುಗಳು ಎಚ್‌ಟಿಎಂಎಲ್ ಫೈಲುಗಳೇ. ಟೆಂಪ್ಲೇಟ್ಸ್ ಫೋಲ್ಡರಿನಲ್ಲಿ ಇಂಡೆಕ್ಸ್, ಪಾರ್ಟ್ಸ್ ಫೋಲ್ಡರಿನಲ್ಲಿ ಹೆಡರ್, ಫೂಟರ್. ಬಣ್ಣ, ಅಕ್ಷರದ ಗಾತ್ರ ಎಲ್ಲ ಥೀಮ್ ಡಾಟ್ ಜೇಸನ್ ಒಳಗೆ. ಸ್ಟ್ಯಾಟಿಕ್ ಪುಟದಿಂದ ಬರುವವರಿಗೆ ಇದೇ ಹತ್ತಿರದ ದಾರಿ ಅಲ್ವಾ?

ರಾತ್ರಿಪಾಳಿ · ಮಂಗಳವಾರ ರಾತ್ರಿ 11:15

ಹೆಸರು ಎಚ್‌ಟಿಎಂಎಲ್, ಆದರೆ ಒಳಗೆ ತುಂಬಿರುವುದು ಬ್ಲಾಕ್ ಕಾಮೆಂಟುಗಳು. ಡಿಸೈನರ್ ಕೊಟ್ಟ ಡಿವ್‌ಗಳನ್ನು (ಪುಟದ ಪೆಟ್ಟಿಗೆಗಳನ್ನು) ಹಾಗೇ ತಂದು ಸುರಿದರೆ ಎಡಿಟರ್ ಅದನ್ನು ಒಂದು 'ಕಸ್ಟಮ್ ಎಚ್‌ಟಿಎಂಎಲ್' ಗಂಟು ಅಂತ ನೋಡುತ್ತದೆ. ನಿಜವಾದ ಬ್ಲಾಕ್ ಥೀಮ್ ಬೇಕಾದರೆ ಆ ವಿನ್ಯಾಸವನ್ನು ಗ್ರೂಪ್, ಕಾಲಮ್, ಕ್ವೆರಿ ಬ್ಲಾಕುಗಳಲ್ಲಿ ಮತ್ತೆ ಕಟ್ಟಬೇಕು. ವರ್ಡ್‌ಪ್ರೆಸ್ ತಾನೇ ಹಾಕುವ ಕ್ಲಾಸುಗಳು ಡಿಸೈನರಿನ ಸಿಎಸ್ಎಸ್ ಜೊತೆ ಗುದ್ದಾಡುತ್ತವೆ. ಮೊದಲಿಂದ ಶುರು ಮಾಡುವವರಿಗೆ ಬ್ಲಾಕ್ ಥೀಮ್ ಒಳ್ಳೆಯದು, ನಾನೂ ಮಾಡುತ್ತೇನೆ. ಆದರೆ ಕೈಯಲ್ಲಿ ಸಿದ್ಧ ಎಚ್‌ಟಿಎಂಎಲ್ ಇದ್ದು, ಅದು ಕೂದಲೆಳೆಯಷ್ಟೂ ಅಲುಗಬಾರದು ಅಂದರೆ ಹಳೇ ಪದ್ಧತಿಯೇ ಸಲೀಸು. ಬೇಕಿದ್ದರೆ ಅದರಲ್ಲೂ ಥೀಮ್ ಡಾಟ್ ಜೇಸನ್ ಇಟ್ಟು, ಬರೆಯುವ ಜಾಗದಲ್ಲಿ ಸಭೆಯ ನಾಲ್ಕು ಬಣ್ಣ ಮಾತ್ರ ಸಿಗುವ ಹಾಗೆ ಮಾಡಬಹುದು. ಮಾವ ಗಿಳಿಹಸಿರು ಹಾಕುವುದನ್ನು ತಡೆಯಲು ಅದು ಒಳ್ಳೇ ದಾರಿ.

ಒತ್ತಕ್ಷರ · ಮಂಗಳವಾರ ರಾತ್ರಿ 11:58

ಇಷ್ಟು ಹೊತ್ತು ಎಲ್ಲರೂ ಪಿಎಚ್‌ಪಿ ಮಾತಾಡಿದಿರಿ. ಸೈಟ್ ಕನ್ನಡದ್ದು ಅನ್ನುವುದನ್ನು ಯಾರೂ ಕೇಳಲೇ ಇಲ್ಲವಲ್ಲ! ನಾನು ಹದಿನೈದು ವರ್ಷ ಡಿಟಿಪಿ ಮಾಡಿ ಆಮೇಲೆ ವೆಬ್‌ಗೆ ಬಂದವಳು. ನನಗೆ ಕಾಣುವುದು ಬೇರೆ.

ಬೈಟು ಕಾಫಿಯವರೇ, 2004ರ ಆ ಪುಟಗಳ ಸೋರ್ಸ್ ತೆಗೆದು ನೋಡಿ. ಫಾಂಟ್ ಟ್ಯಾಗಿನಲ್ಲಿ ನುಡಿ ಅಥವಾ ಬರಹ ಅಂತ ಇದೆಯಾ? ಒಳಗೆ ಕನ್ನಡದ ಬದಲು ಟೋಪಿ ಹಾಕಿದ, ಬಾಲ ಬಿಟ್ಟ ರೋಮನ್ ಅಕ್ಷರಗಳ ಗೊಜ್ಜು ಇದೆಯಾ?

ಬೈಟು ಕಾಫಿ · ಬುಧವಾರ ಬೆಳಗ್ಗೆ 8:10

ಅಯ್ಯೋ. ಹೌದು. 2004ರಿಂದ 2011ರವರೆಗಿನ ಪುಟಗಳೆಲ್ಲ ಹಾಗೇ ಇವೆ. ಈ ತಿಂಗಳ ಆಹ್ವಾನಪತ್ರಿಕೆಯ ಪಠ್ಯವೂ ಅದೇ ಥರ ಬಂದಿದೆ. ಅವೆನ್ಯೂ ರಸ್ತೆಯಲ್ಲಿ ಅಚ್ಚು ಹಾಕಿಸುತ್ತಾರೆ, ಅಲ್ಲಿಂದ ಕಳಿಸಿದ ಫೈಲು.

ಒತ್ತಕ್ಷರ · ಬುಧವಾರ ಮಧ್ಯಾಹ್ನ 2:30

ಅಂದುಕೊಂಡೆ. ಅಚ್ಚಿನ ಮನೆಗಳಲ್ಲಿ ನುಡಿಯ ಹಳೇ ಫಾಂಟುಗಳು ಇನ್ನೂ ಹೋಗಿಲ್ಲ. ಅವು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ. ಇಲ್ಲದ ಕಡೆ ಗೊಜ್ಜು. ಗೂಗಲ್ಲಿಗೂ ಗೊಜ್ಜು, ಮೊಬೈಲಿಗೂ ಗೊಜ್ಜು. ಹಾಗಾಗಿ ಥೀಮ್ ಮುಟ್ಟುವ ಮೊದಲು ಪಠ್ಯವನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿಗೆ) ತನ್ನಿ. ಕನ್ವರ್ಟರುಗಳು ಬೇಕಾದಷ್ಟಿವೆ. ಆದರೆ ನಡುವೆ ಬರುವ ಇಂಗ್ಲಿಷ್ ಪದಗಳನ್ನು, ಇಮೇಲ್ ವಿಳಾಸಗಳನ್ನು ಅವು ಕನ್ನಡದ ಚೂರು ಅಂದುಕೊಂಡು ಕಲಸಿಬಿಡುತ್ತವೆ. ಅರ್ಕಾವೊತ್ತು ಎಲ್ಲಿ ಕೂತಿದೆ ಅಂತಲೂ ಒಂದೊಂದೇ ನೋಡಬೇಕು. 'ಕರ್ನಾಟಕ' ಸಂಗೀತದ ಸೈಟಿನಲ್ಲಿ ಆ ಪದವೇ ತಪ್ಪಾದರೆ ಹೇಗಿರುತ್ತದೆ ಹೇಳಿ. ಪರಿವರ್ತನೆ ಆದ ಮೇಲೆ ಫಾರ್ಮ್ಯಾಟ್ ಇಲ್ಲದ ಬರೀ ಪಠ್ಯವನ್ನು ಅಂಟಿಸಿ. ಹಳೇ ಫಾಂಟ್ ಟ್ಯಾಗುಗಳು ಒಳಗೆ ಬಂದರೆ ಹೊಸ ಸಿಎಸ್ಎಸ್ ಮಾತು ಕೇಳುವುದಿಲ್ಲ.

ಇನ್ನು ವಿನ್ಯಾಸ. ಆ ಹುಡುಗಿ ಚೆನ್ನಾಗಿ ಮಾಡಿದ್ದಾಳೆ, ಅನುಮಾನವಿಲ್ಲ. ಆದರೆ ಡಿಸೈನರುಗಳು ಪಠ್ಯದ ಜಾಗದಲ್ಲಿ ಇಂಗ್ಲಿಷ್ ಅಥವಾ ಲ್ಯಾಟಿನ್ ತುಂಬಿಸಿ ಮಾಡುತ್ತಾರೆ. ತಲೆಬರಹದ ಸಾಲಿನ ಎತ್ತರ 1.1, 1.2 ಇರುತ್ತದೆ. ಅಲ್ಲಿ 'ರಾಷ್ಟ್ರೀಯ' ಅಂತ ಬರೆದು ನೋಡಿ. ಟಕಾರದ ಒತ್ತು, ಅದರ ಕೆಳಗೆ ರಕಾರದ ಒತ್ತು, ಎರಡೂ ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತವೆ. ಎತ್ತರ ಗಟ್ಟಿ ಮಾಡಿದ ಪೆಟ್ಟಿಗೆ ಆದರೆ ಒತ್ತೇ ಕತ್ತರಿಸಿ ಹೋಗುತ್ತದೆ. ಮೈಪಠ್ಯಕ್ಕೆ 1.7 ಇಡಿ, ತಲೆಬರಹಕ್ಕೆ 1.4ಕ್ಕಿಂತ ಕಡಿಮೆ ಮಾಡಬೇಡಿ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವುದು ಇಂಗ್ಲಿಷಿನಲ್ಲಿ ಅಂದ. ಕನ್ನಡದಲ್ಲಿ ಪದ ಚದುರಿದ ಕಡಲೆ ಹಾಗೆ ಕಾಣುತ್ತದೆ.

ಫಾಂಟಿಗೆ ನೋಟೋ ಸಾನ್ಸ್ ಕನ್ನಡ, ಅನೇಕ್ ಕನ್ನಡ, ತಲೆಬರಹಕ್ಕೆ ಬಲೂ ತಮ್ಮ ಇವೆಲ್ಲ ಬಿಟ್ಟಿ ಸಿಗುತ್ತವೆ. ಫೈಲ್ ಹಗುರ ಮಾಡಲು ಫಾಂಟನ್ನು ಕತ್ತರಿಸುವವರು ಒತ್ತಕ್ಷರ ಕೂಡಿಸುವ ನಿಯಮಗಳ ಕೋಷ್ಟಕವನ್ನೂ ಕತ್ತರಿಸಿಬಿಡುತ್ತಾರೆ. ಆಮೇಲೆ 'ಅಮ್ಮ' ಹೋಗಿ 'ಅಮ್‌ಮ' ಆಗುತ್ತದೆ.

ಸೆಟ್ಟಿಂಗ್ಸಿನಲ್ಲಿ ಸೈಟಿನ ಭಾಷೆಯನ್ನು ಕನ್ನಡ ಮಾಡಿ. ಹೆಡರಿನ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಲ್ಯಾಂಗ್ವೇಜ್ ಆಟ್ರಿಬ್ಯೂಟ್ಸ್ ಫಂಕ್ಷನ್ ಹಾಕಿದ್ದರೆ, ಪುಟ ತಾನು ಕನ್ನಡದ್ದು ಅಂತ ಬ್ರೌಸರಿಗೂ ಸ್ಕ್ರೀನ್ ರೀಡರಿಗೂ ಹೇಳಿಕೊಳ್ಳುತ್ತದೆ. ಹಳೇ ಟೆಂಪ್ಲೇಟುಗಳಲ್ಲಿ ಅಲ್ಲಿ ಇಂಗ್ಲಿಷ್ ಅಂತಲೇ ಬರೆದಿರುತ್ತದೆ.

ಕೊನೆಯದಾಗಿ, ಯುಆರ್‌ಎಲ್. ಅಂದರೆ ಪುಟದ ವಿಳಾಸ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ಕನ್ನಡದ ಒಂದೊಂದು ಗುರುತಿಗೂ ಯೂನಿಕೋಡಿನಲ್ಲಿ 3 ಬೈಟ್. ವಿಳಾಸದಲ್ಲಿ ಶೇಕಡಾ ಗುರುತು ಹಾಕಿ ಬರೆದಾಗ ಒಂದು ಬೈಟಿಗೆ 3 ಅಕ್ಷರ, ಅಂದರೆ ಗುರುತಿಗೆ 9. ಡೇಟಾಬೇಸಿನಲ್ಲಿ ಅದಕ್ಕಿರುವ ಜಾಗ 200. ಇಪ್ಪತ್ತೆರಡು ಗುರುತಿಗೆ ಜಾಗ ಮುಗಿಯಿತು. ಕಾಗುಣಿತದ ಕೊಂಬು, ಒತ್ತಿನ ಹಲಂತ, ಸೊನ್ನೆ ಎಲ್ಲವೂ ಬೇರೆ ಬೇರೆ ಗುರುತು ಅನ್ನುವುದು ನೆನಪಿರಲಿ. 'ವಾರ್ಷಿಕ ಸಂಗೀತೋತ್ಸವ ಆಹ್ವಾನ' ಅಂತ ಶೀರ್ಷಿಕೆ ಕೊಡಿ, ವಿಳಾಸದಲ್ಲಿ 'ಆಹ್ವಾ' ಅಂತ ನಿಂತುಬಿಡುತ್ತದೆ. ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಶೇಕಡಾ ಗುರುತುಗಳ ಮೆರವಣಿಗೆ. ನಾನಂತೂ ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಕೊಡುತ್ತೇನೆ. ಕನ್ನಡಾಭಿಮಾನ ಶೀರ್ಷಿಕೆಯಲ್ಲಿರಲಿ.

ಸಿಲ್ಕ್‌ಬೋರ್ಡ್ ಸಂತ · ಬುಧವಾರ ಸಂಜೆ 6:45

ಕೈಮುಗಿದೆ ಮೇಡಂ. 'ಆಹ್ವಾ' ಅಂತ ನಿಂತ ಲಿಂಕುಗಳನ್ನು ನೋಡಿದ್ದೆ, ಕಾರಣ ಇವತ್ತು ಗೊತ್ತಾಯಿತು. ಬಸ್ಸಿನಲ್ಲಿ ಕೂತು ಎಣಿಸಿದೆ, ಲೆಕ್ಕ ಸರಿಯಾಗಿ 200ಕ್ಕೆ ನಿಲ್ಲುತ್ತದೆ. ನಮ್ಮ ಟ್ರಾಫಿಕ್‌ಗೂ ಒಂದು ಉಪಯೋಗ ಆಯಿತು.

ಬೈಟು ಕಾಫಿ · ಬುಧವಾರ ರಾತ್ರಿ 10:30

ಒತ್ತಕ್ಷರ ಮೇಡಂ, ಸಾಲಿನ ಎತ್ತರ ಬದಲಿಸಿದೆ. ಮಾವನ ಮಗಳಿಗೆ ನಿಮ್ಮ ಮಾತು ತೋರಿಸಿದೆ, ಅವಳು ಎಲ್ಲ ಪೆಟ್ಟಿಗೆಗಳಿಗೂ ಕನ್ನಡ ಪಠ್ಯ ತುಂಬಿಸಿ ಮತ್ತೆ ನೋಡುತ್ತಿದ್ದಾಳೆ.

ಈಗ ನನ್ನ ನಿಜವಾದ ಗೊಂದಲ. ಹೆಡರ್, ಫೂಟರ್ ಆಯಿತು. ನಡುವಿನ ಭಾಗದಲ್ಲಿ ಏನನ್ನು ಥೀಮಿನಲ್ಲಿ ಬಿಡಲಿ, ಏನನ್ನು ಮಾವನ ಕೈಗೆ ಕೊಡಲಿ? ಕಾರ್ಯಕ್ರಮಗಳನ್ನು ಪೋಸ್ಟ್ (ದಿನಾಂಕದ ಬರಹ) ಮಾಡಲೇ, ಪೇಜ್ (ಸ್ಥಿರ ಪುಟ) ಮಾಡಲೇ?

ರಾತ್ರಿಪಾಳಿ · ಗುರುವಾರ ರಾತ್ರಿ 12:40

ಇದೇ ಕೆಲಸದ ತಿರುಳು. ಫೈಲ್ ಕತ್ತರಿಸುವುದನ್ನು ಯಾರು ಬೇಕಾದರೂ ಎರಡು ಗಂಟೆಯಲ್ಲಿ ಕಲಿಯಬಹುದು.

ನಾನು ಒಂದು ಹಳೇ ಉಪಾಯ ಮಾಡುತ್ತೇನೆ. ಮೂರು ಪುಟಗಳನ್ನೂ ಪ್ರಿಂಟ್ ತೆಗೆಸಿ, ಗ್ರಾಹಕರ ಮುಂದೆ ಇಟ್ಟು, ಕೈಗೆ ಕೆಂಪು ಪೆನ್ ಕೊಡುತ್ತೇನೆ. "ಕಳೆದ ಒಂದು ವರ್ಷದಲ್ಲಿ ಇದರಲ್ಲಿ ಏನೇನು ಬದಲಾಯಿಸಿ ಅಂತ ಫೋನ್ ಮಾಡಿದ್ದಿರಿ? ಸುತ್ತು ಹಾಕಿ." ಮುಂದೆ ಏನು ಬದಲಾಗಬಹುದು ಅಂತ ಕೇಳಬಾರದು. ಕೇಳಿದರೆ ಎಲ್ಲವೂ ಬದಲಾಗಬಹುದು ಅನ್ನುತ್ತಾರೆ. ನಿಮ್ಮ ಹತ್ತಿರ ವಾಟ್ಸಾಪ್ ಇದೆ, ಮಾವನ ಹಳೇ ಸಂದೇಶಗಳನ್ನೇ ತೆಗೆದು ನೋಡಿ.

ನನ್ನ ಊಹೆ: ತಿಂಗಳ ಕಾರ್ಯಕ್ರಮ, ಫೋಟೋ, ವರ್ಷಕ್ಕೊಮ್ಮೆ ಸಮಿತಿಯ ಹೆಸರುಗಳು. ಅಷ್ಟೇ. 'ನಮ್ಮ ಬಗ್ಗೆ' ಪುಟವನ್ನು ಸಾಮಾನ್ಯ ಪೇಜ್ ಮಾಡಿ, ಪೇಜ್ ಡಾಟ್ ಪಿಎಚ್‌ಪಿಯಲ್ಲಿ ದಿ ಕಂಟೆಂಟ್ ಕರೆದರೆ ಮುಗಿಯಿತು. ಮುಖಪುಟಕ್ಕೆ ಫ್ರಂಟ್-ಪೇಜ್ ಡಾಟ್ ಪಿಎಚ್‌ಪಿ.

ಕಾರ್ಯಕ್ರಮ ಮಾತ್ರ ಪೋಸ್ಟೂ ಅಲ್ಲ, ಪೇಜೂ ಅಲ್ಲ. ಅದಕ್ಕೆ ಸ್ವಂತ ಪೋಸ್ಟ್ ಟೈಪ್ (ಹೊಸ ಬಗೆಯ ಬರಹ) ಮಾಡಿ. ಒಳಹೆಸರು ಇಂಗ್ಲಿಷಿನ ಚಿಕ್ಕಕ್ಷರದಲ್ಲಿ, 20 ಅಕ್ಷರದೊಳಗೆ ಇರಬೇಕು. ಆದರೆ ಮಾವನಿಗೆ ಕಾಣುವ ಲೇಬಲ್ 'ಕಛೇರಿ', 'ಹೊಸ ಕಛೇರಿ ಸೇರಿಸಿ' ಅಂತ ಅಪ್ಪಟ ಕನ್ನಡದಲ್ಲಿರಬಹುದು. ನೀವು ನಂಬುವುದಿಲ್ಲ, ಈ ಲೇಬಲ್ ಒಂದರಿಂದಲೇ ಅರ್ಧ ಫೋನುಗಳು ನಿಲ್ಲುತ್ತವೆ. ಕಲಾವಿದರನ್ನು ಟ್ಯಾಕ್ಸಾನಮಿ (ವರ್ಗೀಕರಣ) ಮಾಡಿ. ಒಬ್ಬ ಕಲಾವಿದೆಯ ಹೆಸರು ಒತ್ತಿದರೆ ಅವರು ನಿಮ್ಮ ಸಭೆಯಲ್ಲಿ ಹಾಡಿದ ಎಲ್ಲ ಕಛೇರಿಗಳೂ ಬರುತ್ತವೆ. ಆ 46 ಫೈಲುಗಳಲ್ಲಿ ಇದನ್ನು ಹುಡುಕಲು ನಿಮ್ಮಿಂದ ಆಗುತ್ತಿರಲಿಲ್ಲ. ಈ ಸುಖಕ್ಕಾಗಿಯೇ ಸಿಎಂಎಸ್ (ವರ್ಡ್‌ಪ್ರೆಸ್ ಥರದ ತಂತ್ರಾಂಶ) ಬೇಕು ಅನ್ನುವುದು, ಹಳೇ ಪೇಟೆಯವರೇ.

ದಿನಾಂಕ, ಸಮಯ, ಪಕ್ಕವಾದ್ಯದವರು, ಸ್ಥಳ ಇವಕ್ಕೆ ಪ್ರತ್ಯೇಕ ಖಾನೆಗಳು. ಅಡ್ವಾನ್ಸ್ಡ್ ಕಸ್ಟಮ್ ಫೀಲ್ಡ್ಸ್ ಪ್ಲಗಿನ್ ಬಿಟ್ಟಿ ಆವೃತ್ತಿಯೇ ಸಾಕು. ಪಕ್ಕವಾದ್ಯ ಎಷ್ಟು ಬೇಕಾದರೂ ಸೇರಿಸುವ ರಿಪೀಟರ್ ಬೇಕಾದರೆ ಅದಕ್ಕೆ ದುಡ್ಡು ಕೊಡಬೇಕು. ಪಿಟೀಲು, ಮೃದಂಗ, ಘಟ ಅಂತ ಮೂರು ಖಾನೆ ಇಟ್ಟರೆ ಆಯಿತಲ್ಲ.

ಒಂದು ಹೊಂಡ ಇದೆ, ನಾನೇ ಬಿದ್ದಿದ್ದೇನೆ. ಕಛೇರಿಯ ದಿನಾಂಕ ಬೇರೆ, ಪ್ರಕಟಣೆಯ ದಿನಾಂಕ ಬೇರೆ. ಮುಂದಿನ ತಿಂಗಳ ದಿನಾಂಕವನ್ನು ಪ್ರಕಟಣೆಯ ಜಾಗದಲ್ಲಿ ಹಾಕಿದರೆ ವರ್ಡ್‌ಪ್ರೆಸ್ 'ಆಗಲಿ, ಅವತ್ತು ಪ್ರಕಟಿಸುತ್ತೇನೆ' ಅಂತ ಬಚ್ಚಿಟ್ಟುಕೊಳ್ಳುತ್ತದೆ. ಕಛೇರಿ ಮುಗಿಯುವ ದಿನ ಆಹ್ವಾನ ಹೊರಗೆ ಬರುತ್ತದೆ. ಕಛೇರಿ ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಉಳಿಸಿ. ಆಗ ಮಾತ್ರ ಪಟ್ಟಿ ಸರಿಯಾದ ಅನುಕ್ರಮದಲ್ಲಿ ಬರುತ್ತದೆ.

ಪೋಸ್ಟ್ ಟೈಪ್ ಕೋಡನ್ನು ಥೀಮಿನ ಫಂಕ್ಷನ್ಸ್ ಫೈಲಿನಲ್ಲಿ ಬರೆಯಬೇಡಿ. ಒಂದು ಪುಟ್ಟ ಪ್ಲಗಿನ್ ಮಾಡಿ ಅದರಲ್ಲಿಡಿ. ಐದು ವರ್ಷದ ನಂತರ ಯಾರೋ ಥೀಮ್ ಬದಲಾಯಿಸಿದರೆ ಕಛೇರಿಗಳೆಲ್ಲ ಅಡ್ಮಿನ್ನಿನಿಂದ ಮಾಯ ಆಗುತ್ತವೆ. ಡೇಟಾಬೇಸಿನಲ್ಲಿ ಇರುತ್ತವೆ, ಕಣ್ಣಿಗೆ ಕಾಣುವುದಿಲ್ಲ. ಆಮೇಲೆ ಕಛೇರಿ ಪುಟ ತೆರೆದರೆ 404 ('ಪುಟ ಸಿಗಲಿಲ್ಲ') ಬಂದರೆ ಕೋಡ್ ಹುಡುಕುತ್ತಾ ರಾತ್ರಿ ಕಳೆಯಬೇಡಿ. ಪರ್ಮಾಲಿಂಕ್ (ಪುಟದ ವಿಳಾಸ) ಸೆಟ್ಟಿಂಗ್ಸಿಗೆ ಹೋಗಿ, ಏನೂ ಬದಲಾಯಿಸದೆ, ಸುಮ್ನೆ ಸೇವ್ ಒತ್ತಿ.

ಮೆನುವನ್ನು ಮಾತ್ರ ರಿಜಿಸ್ಟರ್ ಮಾಡಿ ಡಬ್ಲ್ಯೂಪಿ ನ್ಯಾವ್ ಮೆನುವಿಗೆ ಬಿಡಿ. ನಿಮ್ಮ ವಿನ್ಯಾಸದಲ್ಲಿ ಈಗಿರುವ ಪುಟಕ್ಕೆ 'ಆಕ್ಟಿವ್' ಅಂತ ಕ್ಲಾಸ್ ಇರುತ್ತದೆ. ವರ್ಡ್‌ಪ್ರೆಸ್ ಕೊಡುವುದು 'ಕರೆಂಟ್-ಮೆನು-ಐಟಂ'. ಸಿಎಸ್ಎಸ್‌ನಲ್ಲಿ ಆ ಹೆಸರನ್ನೂ ಸೇರಿಸಿ.

ಕಡ್ಲೆಪುರಿ · ಗುರುವಾರ ಮಧ್ಯಾಹ್ನ 1:20

ಇಷ್ಟು ಕೆಲಸಕ್ಕೆ ಒಂದು ಲೋಟ ಕಾಫಿ! ಹೊರಗಿನ ಗ್ರಾಹಕರಿಗೆ ಮಾಡುವಾಗ ಥೀಮಿಗೆ ಬೇರೆ, ಹಳೇ ಪಠ್ಯ ಸಾಗಿಸುವುದಕ್ಕೆ ಬೇರೆ ಲೆಕ್ಕ ಹಾಕಿ. ನನಗೆ ಯಾವಾಗಲೂ ಎರಡನೆಯದೇ ಜಾಸ್ತಿ ಹೊತ್ತು ತಿಂದಿದೆ.

ಸಿಲ್ಕ್‌ಬೋರ್ಡ್ ಸಂತ · ಗುರುವಾರ ರಾತ್ರಿ 9:55

ಸೈಟ್ ಎತ್ತಿಡುವ ದಿನದ ಬಗ್ಗೆ ನನ್ನ ಪಾಪನಿವೇದನೆ.

ಕೆಲವು ವರ್ಷದ ಹಿಂದೆ ಒಂದು ಸೀರೆ ಅಂಗಡಿಗೆ ಇದೇ ಥರ ಎಚ್‌ಟಿಎಂಎಲ್‌ನಿಂದ ಥೀಮ್ ಮಾಡಿದೆ. ಕಟ್ಟುವಾಗ ಗೂಗಲ್ ನೋಡದಿರಲಿ ಅಂತ 'ಸರ್ಚ್ ಎಂಜಿನ್ನುಗಳು ಬರುವುದು ಬೇಡ' ಅನ್ನುವ ಪೆಟ್ಟಿಗೆಗೆ ಟಿಕ್ ಹಾಕಿದ್ದೆ. ಸೈಟ್ ಬಿಟ್ಟೆವು, ಸ್ವೀಟ್ ಹಂಚಿದರು. ಟಿಕ್ ತೆಗೆಯುವುದು ಮರೆತೆ. ಮೂರು ತಿಂಗಳ ಮೇಲೆ ಮಾಲೀಕರು ಕೇಳಿದರು, "ಹಳೇ ಸೈಟಿನಲ್ಲಿ ಬರುತ್ತಿದ್ದ ಫೋನುಗಳೂ ಈಗ ಬರುತ್ತಿಲ್ಲವಲ್ಲಪ್ಪ?" ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅದೇ ಸೈಟಿನಲ್ಲಿ ಇನ್ನೊಂದು. ಹಳೇ ವಿಳಾಸಗಳೆಲ್ಲ ಡಾಟ್ ಎಚ್‌ಟಿಎಂಎಲ್ ಅಂತ ಮುಗಿಯುತ್ತಿದ್ದವು, ಹೊಸವು ಹಾಗಲ್ಲ. ಹಳೇ ಲಿಂಕ್ ಒತ್ತಿದವರಿಗೆಲ್ಲ 404. ನಿಮ್ಮ 46 ಫೈಲಿಗೂ ಒಂದೊಂದು 301 (ಹೊಸ ವಿಳಾಸಕ್ಕೆ ತಿರುಗಿಸುವ) ಸಾಲು ಬರೆಯಿರಿ. ಅಪಾಚೆ ಸರ್ವರ್ ಆದರೆ ಎಚ್‌ಟಿ ಆಕ್ಸೆಸ್ ಫೈಲಿನಲ್ಲಿ, ವರ್ಡ್‌ಪ್ರೆಸ್ ತನ್ನ ಗುರುತು ಹಾಕಿಕೊಂಡಿರುವ ಭಾಗದ ಮೇಲೆ. ಆ ಭಾಗದ ಒಳಗೆ ಬರೆದರೆ ಅದು ಮುಂದೊಂದು ದಿನ ಅಳಿಸಿಹಾಕುತ್ತದೆ.

ಲೋಕಲ್‌ನಿಂದ (ನಿಮ್ಮ ಕಂಪ್ಯೂಟರಿನಿಂದ) ಸರ್ವರಿಗೆ ಹೋಗುವಾಗ ಡೇಟಾಬೇಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ವಿಳಾಸ ಬದಲಾಯಿಸಬೇಡಿ. ಕೆಲವು ಸೆಟ್ಟಿಂಗುಗಳಲ್ಲಿ ಪಠ್ಯದ ಉದ್ದವನ್ನೂ ಜೊತೆಗೇ ಬರೆದಿಟ್ಟಿರುತ್ತದೆ. ಉದ್ದ ತಾಳೆಯಾಗದಿದ್ದರೆ ಆ ಸೆಟ್ಟಿಂಗೇ ಹೋಯಿತು. ಡಬ್ಲ್ಯೂಪಿ-ಸಿಎಲ್‌ಐನಲ್ಲಿ (ವರ್ಡ್‌ಪ್ರೆಸ್ಸಿಗೆ ಆಜ್ಞೆ ಕೊಡುವ ಸಾಧನ) ಸರ್ಚ್-ರಿಪ್ಲೇಸ್ ಅಂತ ಇದೆ, ಅದು ಉದ್ದವನ್ನೂ ಸರಿಮಾಡುತ್ತದೆ.

ಹಳೇ ಪೇಟೆ · ಗುರುವಾರ ರಾತ್ರಿ 10:20

ಹಳೇ 46 ಫೈಲುಗಳನ್ನು ಅಳಿಸಬೇಡಿ. ಜಿಪ್ ಮಾಡಿ ಎರಡು ಕಡೆ ಇಡಿ. ಔಷಧಿ ಜಾಹೀರಾತು ಬಂದ ದಿನ ನನ್ನನ್ನು ನೆನೆಸಿಕೊಳ್ಳುವಿರಿ.

ಬೈಟು ಕಾಫಿ · ನಾಲ್ಕು ವಾರದ ನಂತರ, ಶನಿವಾರ ಸಂಜೆ 7:30

ಎಲ್ಲರಿಗೂ ಸುದ್ದಿ ಕೊಡಬೇಕು. ಸೈಟ್ ಬಿಟ್ಟಾಯಿತು. ಟಿಕ್ ತೆಗೆದಿದ್ದೇನೆ, ಮೂರು ಸಲ ನೋಡಿದ್ದೇನೆ. 46 ತಿರುವು ಸಾಲುಗಳೂ ಕೆಲಸ ಮಾಡುತ್ತಿವೆ. ಹಳೇ ಪಠ್ಯ ತಿದ್ದಲು ಅತ್ತೆ ಸಹಾಯ ಮಾಡಿದರು. ಕನ್ವರ್ಟರ್ ನಮ್ಮ ಸಭೆಯ ಇಮೇಲ್ ವಿಳಾಸವನ್ನು ಯಾವುದೋ ರಾಕ್ಷಸನ ಹೆಸರಿನಂತೆ ಮಾಡಿಟ್ಟಿತ್ತು, ನಕ್ಕು ಸಾಕಾಯಿತು. ಕಲಾವಿದರ ಪಟ್ಟಿ ಆದ ಮೇಲೆ ಒಂದು ವಿಷಯ ಗೊತ್ತಾಯಿತು. ಒಬ್ಬ ಮೃದಂಗದ ವಿದ್ವಾಂಸರು 2004ರಿಂದ ನಮ್ಮಲ್ಲಿ 31 ಕಛೇರಿಗೆ ನುಡಿಸಿದ್ದಾರೆ. ಸಭೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಈ ಸಲ ಅವರಿಗೆ ಸನ್ಮಾನ.

ಮಾವ ಮೊನ್ನೆ ತಾವೇ ಕೂತು 'ಹೊಸ ಕಛೇರಿ ಸೇರಿಸಿ' ಒತ್ತಿ ಎಲ್ಲ ಖಾನೆ ತುಂಬಿಸಿದರು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಫೋಟೋ ಹಾಕಿದರು, ಪಿಟೀಲು, ಮೃದಂಗ ತುಂಬಿಸಿದರು. ವಿಜಯದ ನಗೆ ಬೀರಿ ಪ್ರಕಟಿಸಿದರು.

ಇವತ್ತು ಬೆಳಗ್ಗೆ ಆರೂವರೆಗೆ ಫೋನ್. "ಏನಪ್ಪಾ, ಎರಡನೇ ಕಛೇರಿ ನಾನೊಬ್ಬನೇ ಹಾಕಿದೆ, ಕಾಣಿಸುತ್ತಲೇ ಇಲ್ಲ!"

ರಾತ್ರಿಪಾಳಿ · ಶನಿವಾರ ರಾತ್ರಿ 11:05

ಪ್ರಕಟಣೆಯ ದಿನಾಂಕದಲ್ಲಿ ಕಛೇರಿಯ ದಿನಾಂಕ ಹಾಕಿದ್ದಾರೆ, ಅಲ್ವಾ?

ಬೈಟು ಕಾಫಿ · ಶನಿವಾರ ರಾತ್ರಿ 11:07

ಹೌದು 😄 "ಕಛೇರಿ ಅವತ್ತು ತಾನೇ?" ಅನ್ನುತ್ತಾರೆ. ಅವರ ವಾದದಲ್ಲಿ ತಪ್ಪಿಲ್ಲ.

ರಾತ್ರಿಪಾಳಿ · ಶನಿವಾರ ರಾತ್ರಿ 11:30

ಮಾವನನ್ನು ತಿದ್ದಬೇಡಿ, ಪ್ಲಗಿನ್ ತಿದ್ದಿ. ಡಬ್ಲ್ಯೂಪಿ ಇನ್‌ಸರ್ಟ್ ಪೋಸ್ಟ್ ಡೇಟಾ ಅನ್ನುವ ಫಿಲ್ಟರ್ ಇದೆ. ಪೋಸ್ಟ್ ಟೈಪ್ ಕಛೇರಿ ಆಗಿದ್ದು, ಸ್ಥಿತಿ 'ಫ್ಯೂಚರ್' ಅಂತ ಬಂದರೆ ಅದನ್ನು 'ಪಬ್ಲಿಶ್' ಮಾಡಿ ಕಳಿಸಿ. ನಾಲ್ಕೈದು ಸಾಲಿನ ಕೋಡ್. ದೋಸೆ ಇನ್ನೂ ಬಾಕಿ ಇದೆ.